ಕಿಟಕಿಯಿಂದ ಎಸೆದ ಟವೆಲ್‌ಗೆ ಎಷ್ಟು ಸೀಟಿನ ಹಕ್ಕು?

(ಆನ್‌ಲೈನ್ ಚರ್ಚೆಯ ಒಂದು ಎಳೆ. ಪ್ರತಿ ಮಾತಿನ ಮೇಲಿರುವುದು ಬರೆದವರ ಅಡ್ಡಹೆಸರು.)

ಕಿಟಕಿ ಪಕ್ಕ

ಹಬ್ಬದ ಹಿಂದಿನ ಸಂಜೆ ಮೆಜೆಸ್ಟಿಕ್‌ನಲ್ಲಿ ಸುಮ್ನೆ ಒಂದು ಹತ್ತು ನಿಮಿಷ ನಿಂತು ನೋಡಿ. ಬಸ್ಸು ಇನ್ನೂ ಪೂರ್ತಿ ನಿಂತಿರುವುದಿಲ್ಲ, ಆಗಲೇ ಕಿಟಕಿಯಿಂದ ಒಳಗೆ ಟವೆಲ್ ಬೀಳುತ್ತದೆ. ಕರ್ಚೀಫು, ಮಡಚಿದ ಪೇಪರು, ಊಟದ ಬ್ಯಾಗು. ಒಮ್ಮೊಮ್ಮೆ ಮಗು. ಬಾಗಿಲಲ್ಲಿ ನೂಕಾಡಿ ಮೊದಲು ಹತ್ತಿದವನು ಒಳಗೆ ಬಂದು ನೋಡಿದರೆ ಸೀಟು ತುಂಬ ಬಟ್ಟೆಗಳು ಕೂತಿವೆ. ಅವನು ಗೊಣಗುತ್ತಾನೆ, ಬೈಯುತ್ತಾನೆ. ಆದರೆ ಟವೆಲ್ ಮುಟ್ಟುವುದಿಲ್ಲ. ಕಂಬಿ ಹಿಡಿದು ನಿಲ್ಲುತ್ತಾನೆ.

ನನಗೆ ಆಶ್ಚರ್ಯ ಇದೇ. ನಾವು ಕೆಂಪು ದೀಪಕ್ಕೆ ನಿಲ್ಲುವವರಲ್ಲ. ಒನ್‌ವೇಯಲ್ಲಿ ಎದುರು ಬರುತ್ತೇವೆ, ಹೆಲ್ಮೆಟ್ಟನ್ನು ಮೊಣಕೈಗೆ ಹಾಕಿಕೊಂಡು ಗಾಡಿ ಓಡಿಸುತ್ತೇವೆ. ಅಂಥವರು ಯಾರದ್ದೋ ಬೆವರು ಒರೆಸಿದ ಟವೆಲ್‌ಗೆ ಇಷ್ಟು ಮರ್ಯಾದೆ ಕೊಡುತ್ತೇವಲ್ಲ, ಯಾಕೆ? ಇದಕ್ಕೆ ದಂಡವೂ ಇಲ್ಲ, ಪೊಲೀಸರೂ ಇಲ್ಲ. ಇನ್ನೊಂದು ಅನುಮಾನ: ಒಂದು ಟವೆಲ್‌ಗೆ ಎಷ್ಟು ಸೀಟು? ತಿಳಿದವರು ಹೇಳಿ.

ಒಗ್ಗರಣೆ

ಮಡಚಿ ಇಟ್ಟರೆ ಒಂದು. ಉದ್ದಕ್ಕೆ ಹಾಸಿದರೆ ಎರಡು. ಮೂರು ಸೀಟಿಗೆ ಪಂಚೆ ಬೇಕು.

ಹುಬ್ಬಳ್ಳಿ ಮಂದಿ

ಉದ್ದಕ್ಕ ಹಾಸಿದ್ರ ಅದು ಒತ್ತುವರಿ ರೀ. ಒಂದು ಟವೆಲ್, ಒಂದು ಸೀಟು. ಇಲ್ಲಂದ್ರ ನಾಳೆ ಯಾರರ ಜಮಖಾನ ತರ್ತಾರ.

ರಿಟೈರ್ಡ್ ಕಂಡಕ್ಟರ್

ನೌಕರಿ ಇದ್ದಷ್ಟು ಕಾಲ ಈ ಪಂಚಾಯ್ತಿ ಮಾಡಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ. ರಿಸರ್ವೇಶನ್ ಇಲ್ಲದ ಬಸ್ಸಿನಲ್ಲಿ ಟವೆಲ್‌ಗೆ ಬೆಲೆಯೇ ಇಲ್ಲ. ಮಹಿಳೆಯರಿಗೆ, ಹಿರಿಯ ನಾಗರಿಕರಿಗೆ, ಅಂಗವಿಕಲರಿಗೆ ಅಂತ ಬರೆದ ಸೀಟು ಬಿಟ್ಟರೆ ಉಳಿದದ್ದು ಕೂತವರದ್ದು. ಆದರೆ ಕಂಡಕ್ಟರ್ ಆದವನು ಇದನ್ನು ಬಾಯಿಬಿಟ್ಟು ಹೇಳಬಾರದು. ಹೇಳಿದರೆ ಆ ದಿನ ಬಸ್ಸು ಹೊರಡುವುದಿಲ್ಲ.

ಜಗಳ ಬಂದಾಗ ನಾನು ಕೇಳುತ್ತಿದ್ದುದು "ಟವೆಲ್ ಯಾರದಪ್ಪಾ?" ಅಂತ ಮಾತ್ರ. ಮಾಲೀಕ ಒಳಗಿದ್ದರೆ ಟವೆಲ್ ಗೆದ್ದಂತೆ. ಕೆಳಗೆ ನಿಂತು ಟೀ ಕುಡಿಯುತ್ತಾ "ನಂದೇ, ನಂದೇ" ಅಂತ ಕೈ ಎತ್ತಿದರೂ ಗೆದ್ದಂತೆ. ಡ್ರೈವರ್ ಇಂಜಿನ್ ಸ್ಟಾರ್ಟ್ ಮಾಡಿದ ಮೇಲೂ ಯಾರೂ ಬರಲಿಲ್ಲ ಅಂದರೆ ಅಲ್ಲಿಗೆ ಟವೆಲ್ ಕಥೆ ಮುಗಿಯಿತು. ಎತ್ತಿ ಲಗೇಜ್ ಕ್ಯಾರಿಯರ್ ಮೇಲೆ ಹಾಕಿ ನಿಂತವರನ್ನು ಕೂರಿಸುತ್ತಿದ್ದೆ. ಇದನ್ನು ಯಾರೂ ನನಗೆ ಟ್ರೈನಿಂಗ್‌ನಲ್ಲಿ ಹೇಳಿಕೊಟ್ಟಿದ್ದಲ್ಲ. ಎಲ್ಲಾ ಡಿಪೋದಲ್ಲೂ ಹೆಚ್ಚು ಕಡಿಮೆ ಹೀಗೇ ನಡೆಯುತ್ತದೆ.

ಹೆಂಗಸರು ಟವೆಲ್ ಹಾಕುವುದು ಕಡಿಮೆ. ಅವರು ಕಿಟಕಿಯಿಂದ ಮಗುವನ್ನೇ ದಾಟಿಸುತ್ತಾರೆ. ಆರು ವರ್ಷದ ಒಳಗಿನ ಮಗುವಿಗೆ ಟಿಕೆಟ್ಟಿಲ್ಲ, ಆರರಿಂದ ಹನ್ನೆರಡಕ್ಕೆ ಅರ್ಧ ಟಿಕೆಟ್. ಅದು ಕೈಕಾಲು ಚಾಚಿ ಮಲಗಿ ಹಿಡಿಯುವುದು ಮಾತ್ರ ಮೂರು ಸೀಟು. "ಅಮ್ಮ ಬರ್ತಾಳೆ" ಅನ್ನುವ ಮಗುವನ್ನು ಎಬ್ಬಿಸುವ ಗಂಡಸನ್ನು ನಾನು ನೋಡಿಲ್ಲ.

ಕಿಟಕಿ ಪಕ್ಕ

ಸರ್, ಯಾರೂ ಟವೆಲ್ ಎತ್ತಿ ಪಕ್ಕಕ್ಕಿಟ್ಟು ಕೂರುವುದೇ ಇಲ್ವಾ?

ರಿಟೈರ್ಡ್ ಕಂಡಕ್ಟರ್

ಕೂರಲು ನೋಡುತ್ತಾರೆ, ಪಕ್ಕದ ಸೀಟಿನವರು ಬಿಡುವುದಿಲ್ಲ. "ಯಾರೋ ಹಾಕಿ ಹೋಗಿದಾರೆ ಸ್ವಾಮಿ" ಅನ್ನುತ್ತಾರೆ. ಆ ಯಾರೋ ಯಾರು ಅಂತ ಅವರಿಗೂ ಗೊತ್ತಿರುವುದಿಲ್ಲ. ಆದರೂ ಸ್ವಂತ ತಮ್ಮನ ಟವೆಲ್ ಅನ್ನುವ ಹಾಗೆ ಕಾಯುತ್ತಾರೆ.

ಲೈಬ್ರರಿ ಮೂಲೆ

ಕಂಡಕ್ಟರ್ ಸರ್ ಹೇಳಿದ್ದನ್ನೇ 1969ರಲ್ಲಿ ಅಮೆರಿಕದಲ್ಲಿ ಇಬ್ಬರು ಪರೀಕ್ಷೆ ಮಾಡಿ ಬರೆದಿದ್ದಾರೆ. ಫ್ರಾಂಕ್ಲಿನ್ ಬೆಕರ್ ಮತ್ತು ರಾಬರ್ಟ್ ಸಾಮರ್ ಅಂತ, ಮನಶ್ಶಾಸ್ತ್ರದವರು. ಕಾಲೇಜು ಲೈಬ್ರರಿಯಲ್ಲಿ ಕುರ್ಚಿಯ ಹತ್ತಿರ ಏನಾದರೂ ವಸ್ತು ಬಿಟ್ಟು ಹೋಗುವುದು, ಆಮೇಲೆ ಯಾರಾದರೂ ಬಂದು ಕೂರುತ್ತಾರಾ ಅಂತ ನೋಡುವುದು. ಎರಡು ಸಂಗತಿ ಗೊತ್ತಾಯಿತು. ಯಾರದ್ದೋ ಸ್ವಂತದ್ದು ಅಂತ ನೋಡಿದರೇ ತಿಳಿಯುವ ಕೋಟಿನಂಥ ವಸ್ತು ಜಾಗವನ್ನು ಚೆನ್ನಾಗಿ ಕಾಯುತ್ತದೆ. ಲೈಬ್ರರಿಯದ್ದೇ ಮ್ಯಾಗಜೀನ್ ಜೋಡಿಸಿಟ್ಟರೆ ಜನ ಸ್ವಲ್ಪ ಹೊತ್ತು ತಡೆಯುತ್ತಾರೆ, ರಶ್ ಜಾಸ್ತಿ ಆದಾಗ ಸರಿಸಿ ಕೂರುತ್ತಾರೆ. ಎರಡನೆಯದು ಪಕ್ಕದಲ್ಲಿ ಕೂತವರ ವಿಷಯ. "ಇಲ್ಲಿ ಯಾರಾದರೂ ಇದ್ದಾರಾ?" ಅಂತ ಅವರನ್ನು ಕೇಳಿದರೆ, ಗುರುತು ಪರಿಚಯ ಇಲ್ಲದವನ ಜಾಗವನ್ನೂ ಅವರು ಉಳಿಸಿಕೊಡಲು ನೋಡುತ್ತಾರೆ.

ಬಸ್ಸಿನಲ್ಲಿ ಪೇಪರ್ ಸೋತು ಟವೆಲ್ ಗೆಲ್ಲುವುದು ಇದಕ್ಕೇ ಇರಬೇಕು. ಪೇಪರ್ ಯಾರು ಬೇಕಾದರೂ ಬಿಟ್ಟು ಹೋಗಿರಬಹುದು. ಟವೆಲ್ ಈಗಷ್ಟೇ ಒಬ್ಬರ ಹೆಗಲಿನಿಂದ ಇಳಿದದ್ದು.

ಧಾರವಾಡ ರೀಡಿಂಗ್ ರೂಮ್

ನಮ್ಮ ಊರಿಗೆ ಬಂದು ನೋಡಿ. ಕಾಂಪಿಟೇಟಿವ್ ಪರೀಕ್ಷೆಗೆ ಓದುವ ಹುಡುಗರೇ ತುಂಬಿದ ಊರು. ಬೆಳಗ್ಗೆ ಬಾಗಿಲು ತೆಗೆಯುವ ಮುಂಚೆಯೇ ಹೊರಗೆ ಬ್ಯಾಗುಗಳ ಸಾಲು. ಒಳಗೆ ಹೋದ ಮೇಲೆ ಟೇಬಲ್ ಮೇಲೆ ಒಂದು ದಪ್ಪ ಪುಸ್ತಕ, ಅದರ ಮೇಲೆ ನೀರಿನ ಬಾಟಲು, ಆಸಾಮಿ ಮಿರ್ಚಿ ಭಜಿ ತಿನ್ನಲು ಹೊರಗೆ. ಭಾರತದ ಸಂವಿಧಾನ ಅಂತ ಬರೆದ ಪುಸ್ತಕ ಹೀಗೆ ಸೀಟು ಕಾಯುವುದನ್ನು ನೋಡಿದ್ದೇನೆ. ಒಳಗೆ ಸಮಾನತೆಯ ಹಕ್ಕು 14ನೇ ವಿಧಿಯಲ್ಲಿದೆ.

ಒಗ್ಗರಣೆ

ಮೂಲಭೂತ ಹಕ್ಕಿಗಿಂತ ಮೊದಲು ಮೂಲೆ ಸೀಟಿನ ಹಕ್ಕು.

ವಕೀಲಮ್ಮ

ಮಾತು ಹಕ್ಕಿಗೆ ಬಂದಿರುವುದರಿಂದ ನಾನೂ ಒಂದು ಕೈ ಹಾಕುತ್ತೇನೆ. ಸೀಟಿನ ಜಗಳ ಮೆಜೆಸ್ಟಿಕ್‌ನಲ್ಲಿ ಹುಟ್ಟಿದ್ದಲ್ಲ. ಎರಡು ಸಾವಿರ ವರ್ಷದ ಹಿಂದೆಯೇ ರೋಮಿನ ಸಿಸೆರೊ ಬರೆದಿದ್ದಾನೆ: ನಾಟಕಶಾಲೆ ಎಲ್ಲರಿಗೂ ಸೇರಿದ್ದು, ಆದರೂ ಯಾರು ಎಲ್ಲಿ ಕೂತಿದ್ದಾರೋ ಆ ಜಾಗ ಅವರದ್ದು ಅನ್ನುವುದು ಸರಿಯೇ. ಒಡೆತನ ಅಂದರೆ ಏನು ಅನ್ನುವ ದೊಡ್ಡ ಚರ್ಚೆಗಳಲ್ಲಿ ಆಮೇಲೂ ಈ ಉದಾಹರಣೆ ಬರುತ್ತಲೇ ಇದೆ.

ಆದರೆ ಗಮನಿಸಿ, ಅವನು ಹೇಳಿದ್ದು ಕೂತವರ ಬಗ್ಗೆ. ಬಟ್ಟೆ ಎಸೆದು ಹೊರಗೆ ಟೀ ಕುಡಿಯುವವರ ಬಗ್ಗೆ ಒಂದು ಮಾತೂ ಇಲ್ಲ. ಪಾಪ, ಅವರ ಕಾಲದಲ್ಲಿ ಮೈತುಂಬ ಉದ್ದದ ಬಟ್ಟೆ ಸುತ್ತಿಕೊಂಡು ಬರುತ್ತಿದ್ದರು. ಬಿಚ್ಚಿ ಸೀಟಿಗೆ ಹಾಕುವ ಹಾಗಿರಲಿಲ್ಲ.

ಒಗ್ಗರಣೆ

ಹಾಕಿದ್ದರೆ ಇಡೀ ಸಾಲೇ ಖಾಲಿ ಆಗುತ್ತಿತ್ತು ಮೇಡಂ.

ಕಡಲತಡಿ

ನಮ್ಮ ಕಡೆ ಇದು ಚಾಪೆಯ ವಿಷಯ ಮಾರಾಯ್ರೆ. ಬಯಲಾಟ ಉಂಟು ಅಂದರೆ ಕತ್ತಲಾಗುವ ಮೊದಲೇ ರಂಗಸ್ಥಳದ ಎದುರು ಚಾಪೆ ಬೀಳುತ್ತಿತ್ತು. ಮನೆಗೊಂದು ಚಾಪೆ, ಅದರ ಒಂದು ತುದಿಗೆ ಒಬ್ಬ ಅಜ್ಜಿ. ಬಿಡಾರದ ಒಡತಿಯ ಹಾಗೆ ಕೂತಿರುತ್ತಿದ್ದರು. ಮಧ್ಯರಾತ್ರಿ ಹೊತ್ತಿಗೆ ಚಾಪೆಯವರೆಲ್ಲ ಗೊರಕೆ. ಹಿಂದೆ ನಿಂತು ನೋಡುವವನಿಗೆ ಕಾಲುನೋವು, ಎದುರಿಗೆ ಇಷ್ಟು ಜನ ನಿದ್ದೆ. ಆದರೂ ಒಂದು ಇಂಚು ಚಾಪೆ ಬಿಡುತ್ತಿರಲಿಲ್ಲ.

ಇದಕ್ಕೆ ಮದ್ದು ಇದ್ದದ್ದು ದೇವಿ ಮಹಾತ್ಮೆ ಆಟದಲ್ಲಿ ಮಾತ್ರ. ಅದರಲ್ಲಿ ಮಹಿಷಾಸುರ ದೊಂದಿ ಬೆಳಕಿನಲ್ಲಿ ಆರ್ಭಟ ಕೊಡುತ್ತಾ ಜನರ ಮಧ್ಯದಿಂದಲೇ ಬರುತ್ತಾನಲ್ಲ? ಚಾಪೆ ಯಾರದ್ದು ಅಂತ ಕೋಣ ಕೇಳುವುದಿಲ್ಲ. ಎಲ್ಲ ದಿಗಿಲುಬಿದ್ದು ಎದ್ದು ಅತ್ತಿತ್ತ ಸರಿಯುವಾಗ ಹಿಂದಿನವರು ಮುಂದೆ ಬಂದು ಕೂತಾಗಿರುತ್ತಿತ್ತು.

ಛತ್ರದ ಊಟ

ಬಸ್ಸು, ಲೈಬ್ರರಿ ಎಲ್ಲಾ ಸರಿ. ಮನುಷ್ಯನ ಬಣ್ಣ ಬಯಲಾಗುವುದು ಮದುವೆ ಛತ್ರದ ಊಟದ ಹಾಲ್‌ನಲ್ಲಿ. ಅಲ್ಲಿ ಟವೆಲ್ ನಡೆಯುವುದಿಲ್ಲ, ಕುರ್ಚಿಯಲ್ಲಿ ಆಗಲೇ ಒಬ್ಬರು ಉಣ್ಣುತ್ತಾ ಇರುತ್ತಾರೆ. ಆದ್ದರಿಂದ ನಾವೇ ಟವೆಲ್ ಆಗಬೇಕು. ಕುರ್ಚಿಯ ಹಿಂದೆ ನಿಲ್ಲಬೇಕು.

ನಿಲ್ಲುವುದಕ್ಕೂ ವಿದ್ಯೆ ಬೇಕು. ಅನುಭವ ಇರುವವರು ಮುಖ ನೋಡುವುದಿಲ್ಲ, ಎಲೆ ನೋಡುತ್ತಾರೆ. ಕೋಸಂಬರಿ, ಪಲ್ಯ ಹಾಗೇ ಇದ್ದರೆ ಮುಂದಿನ ಸಾಲಿಗೆ ಹೋಗುತ್ತಾರೆ. ಸಾರು ಅನ್ನ ಆಗಿದ್ದರೆ ಸ್ವಲ್ಪ ಯೋಚನೆ. ಹೋಳಿಗೆ ಮುರಿದಿದ್ದರೆ ಅಲ್ಲೇ ಬೇರೂರಿ ನಿಲ್ಲುತ್ತಾರೆ. ಮಜ್ಜಿಗೆ ಬಂತೋ, ಕುರ್ಚಿಯ ಬೆನ್ನಿನ ಮೇಲೆ ಕೈ. ಆ ಕೈ ಬಿತ್ತು ಅಂದರೆ ಸೀಟು ಬುಕ್ ಆಯಿತು ಅಂತ ಅರ್ಥ. ಬೇರೆ ಯಾರೂ ಹತ್ತಿರ ಬರುವುದಿಲ್ಲ.

ತಮಾಷೆ ಇರುವುದು ಉಣ್ಣುವವರ ಕಡೆ. ಹಿಂದೆ ಯಾರೋ ಉಸಿರು ಬಿಡುತ್ತಿದ್ದಾರೆ ಅಂತ ಗೊತ್ತಾದ ತಕ್ಷಣ ಅವರಿಗೆ ಇಲ್ಲದ ಹಸಿವು ಬರುತ್ತದೆ. ಅಲ್ಲಿವರೆಗೆ "ಸಾಕು ಸಾಕು" ಅಂತ ಎಲೆಗೆ ಅಡ್ಡ ಕೈ ಇಟ್ಟಿದ್ದವರು ಬಡಿಸುವವರನ್ನು ಕರೆದು ಪಾಯಸ ಕೇಳುತ್ತಾರೆ. ಮೊಸರನ್ನವನ್ನು ಒಂದೊಂದೇ ಅಗುಳು ತಿನ್ನುತ್ತಾರೆ. ಪಕ್ಕದವರ ಜೊತೆ ಹುಡುಗನಿಗೆ ಸಂಬಳ ಎಷ್ಟು, ಸೈಟು ಎಲ್ಲಿ ಅಂತ ಮಾತು ತೆಗೆಯುತ್ತಾರೆ. ಎಲೆ ಮಡಚಿದ ಮೇಲೂ ಬೀಡಾ ಬರಲಿ ಅಂತ ಕೂರುತ್ತಾರೆ. ಹತ್ತು ನಿಮಿಷದ ಹಿಂದೆ ಇದೇ ಮನುಷ್ಯ ಇನ್ನೊಬ್ಬರ ಹಿಂದೆ ನಿಂತು "ಏನು ಜನ, ಬೇಗ ಏಳಬಾರದಾ" ಅಂದಿರುತ್ತಾನೆ.

ಲೈಬ್ರರಿ ಮೂಲೆ

ಇದನ್ನೂ ಅಳೆದಿದ್ದಾರೆ. 1997ರಲ್ಲಿ ಪ್ರಕಟವಾದ ಅಧ್ಯಯನ, ಅಮೆರಿಕದ ಅಟ್ಲಾಂಟಾದ ಒಂದು ಮಾಲ್ ಪಾರ್ಕಿಂಗ್‌ನಲ್ಲಿ ಮಾಡಿದ್ದು. ಕಾರು ತೆಗೆದು ಹೊರಡುವವರು, ಇನ್ನೊಬ್ಬರು ಆ ಜಾಗಕ್ಕೆ ಕಾಯುತ್ತಿದ್ದಾರೆ ಅಂದರೆ ಬೇಗ ಹೊರಡಬೇಕು ತಾನೇ? ಹೆಚ್ಚು ಹೊತ್ತು ಮಾಡುತ್ತಿದ್ದರು. ಕಾಯುವವರು ಹಾರ್ನ್ ಹೊಡೆದರೆ ಇನ್ನೂ ನಿಧಾನ.

ಛತ್ರದ ಊಟ

ಹಾರ್ನ್ ಅಂದರೆ ನಮ್ಮಲ್ಲಿ ಕೆಮ್ಮು. ಕುರ್ಚಿ ಹಿಂದೆ ನಿಂತು ಕೆಮ್ಮಿದರೆ ಇನ್ನೊಂದು ಸೌಟು ಪಾಯಸ ಗ್ಯಾರಂಟಿ.

ಸಿಂಗಪುರದಿಂದ

ಇಲ್ಲಿ ಹಾಕರ್ ಸೆಂಟರ್ ಅಂತ ಇರುತ್ತದೆ. ದೊಡ್ಡ ಚಾವಣಿ, ಸುತ್ತ ಹತ್ತಾರು ಊಟದ ಅಂಗಡಿ, ಮಧ್ಯೆ ಎಲ್ಲರಿಗೂ ಸೇರಿದ ಟೇಬಲ್ಲುಗಳು. ಮಧ್ಯಾಹ್ನ ಬಂದವರು ಮೊದಲು ಟೇಬಲ್ ಮೇಲೆ ಒಂದು ಸಣ್ಣ ಟಿಶ್ಯೂ ಪ್ಯಾಕೆಟ್ ಇಡುತ್ತಾರೆ, ಆಮೇಲೆ ಊಟ ತರಲು ಸಾಲಿಗೆ ಹೋಗುತ್ತಾರೆ. ಇದಕ್ಕೆ "ಚೋಪ್" ಅನ್ನುತ್ತಾರೆ. ಕೊಡೆಯೂ ನಡೆಯುತ್ತದೆ, ಆಫೀಸಿನ ಐಡಿ ಕಾರ್ಡೂ ನಡೆಯುತ್ತದೆ. ಸಣ್ಣ ತಪ್ಪಿಗೂ ದಂಡ ಹಾಕುವ ಊರು ಇದು. ಆದರೆ ಈ ಟಿಶ್ಯೂ ಪ್ಯಾಕೆಟ್‌ನ ಹಿಂದೆ ಯಾವ ಕಾನೂನೂ ಇಲ್ಲ. ಬಿಸಿ ನೂಡಲ್ಸ್ ಹಿಡಿದುಕೊಂಡು ನಿಂತವರು ಖಾಲಿ ಟೇಬಲ್ ಮೇಲಿನ ಆ ಪ್ಯಾಕೆಟ್ ನೋಡಿ ಮುಂದೆ ಹೋಗುತ್ತಾರೆ. ಇದರ ಬಗ್ಗೆ ಇಲ್ಲಿನ ಜನಕ್ಕೆ ನಮ್ಮಷ್ಟೇ ಸಿಟ್ಟೂ ಇದೆ, ನಮ್ಮಷ್ಟೇ ಅಭ್ಯಾಸವೂ ಇದೆ.

ಬಾಸ್ಟನ್ ಚಳಿ

ನಮ್ಮಲ್ಲಿ ಹಿಮ ಬಿದ್ದಾಗ ಪ್ಲಾಸ್ಟಿಕ್ ಕುರ್ಚಿ. ರಸ್ತೆ ಬದಿ ಕಾರಿನ ಸುತ್ತ ಹಿಮ ಸಲಿಕೆಯಲ್ಲಿ ತೆಗೆದು ಜಾಗ ಮಾಡಿಕೊಳ್ಳುವುದಕ್ಕೆ ಸೊಂಟ ಬಿದ್ದು ಹೋಗುತ್ತದೆ. ಕಾರು ಹೊರಗೆ ತೆಗೆಯುವಾಗ ಆ ಜಾಗದಲ್ಲಿ ಮುರುಕು ಕುರ್ಚಿನೋ, ಇಸ್ತ್ರಿ ಮಾಡುವ ಹಲಗೆನೋ ಇಟ್ಟು ಹೋಗುತ್ತಾರೆ. ನಗರಾಡಳಿತವೇ ಇದಕ್ಕೆ ಅರ್ಧ ಒಪ್ಪಿದೆ: ಹಿಮದ ತುರ್ತು ಪರಿಸ್ಥಿತಿ ಮುಗಿದ ಮೇಲೆ 48 ಗಂಟೆ ಇಡಬಹುದು, ಆಮೇಲೆ ಎತ್ತಿಕೊಂಡು ಹೋಗುತ್ತಾರೆ. ಆ 48 ಗಂಟೆಯೊಳಗೆ ಯಾರಾದರೂ ಕುರ್ಚಿ ಸರಿಸಿ ಕಾರು ನಿಲ್ಲಿಸಿದರೆ ಟೈರಿಗೆ ಏನಾಗುತ್ತದೆ ಅಂತ ಹೇಳಲು ಬರುವುದಿಲ್ಲ.

ಜಯನಗರ ನಾಲ್ಕನೇ ಬ್ಲಾಕ್

ಅಯ್ಯೋ, ಅದಕ್ಕೆ ಬಾಸ್ಟನ್‌ಗೆ ಹೋಗಬೇಕಾ? ನಮ್ಮ ರಸ್ತೆಯಲ್ಲಿ ಮನೆ ಮನೆ ಮುಂದೆ ಹೂವಿನ ಕುಂಡ, ಸಿಮೆಂಟ್ ತುಂಬಿದ ಪೇಂಟ್ ಡಬ್ಬ, ಚಪ್ಪಡಿ ಕಲ್ಲು. ಗೇಟಿಗೆ ಅಡ್ಡ ನಿಲ್ಲಿಸಬೇಡಿ ಅಂದರೆ ನ್ಯಾಯ. ಇವರು ಕಾಂಪೌಂಡ್ ಉದ್ದಕ್ಕೂ ರಸ್ತೆಯೇ ನಮ್ಮದು ಅನ್ನುತ್ತಾರೆ. ಬಾಸ್ಟನ್‌ನವರು ಹಿಮ ತೋಡಿದ್ದಕ್ಕೆ ಹಕ್ಕು ಕೇಳುತ್ತಾರೆ. ಇವರು ಏನು ತೋಡಿದ್ದಾರೆ?

ಒಗ್ಗರಣೆ

ತೋಡುವುದಕ್ಕೆ ನಮ್ಮಲ್ಲಿ ಬೇರೆ ಇಲಾಖೆಗಳಿವೆ. ಆಗ ಕುಂಡದವರಿಗೂ ಜಾಗ ಇಲ್ಲ, ಕಾರಿನವರಿಗೂ ಇಲ್ಲ.

ನಿಂತವನು

ಈಗ ಟವೆಲ್ ಹಾಕಿಯೂ ಪ್ರಯೋಜನ ಇಲ್ಲ. ಫ್ರೀ ಮಾಡಿದ ಮೇಲೆ ಸೀಟು ಎಲ್ಲಿ ಸಿಗುತ್ತದೆ ಗಂಡಸರಿಗೆ?

ವಕೀಲಮ್ಮ

ಶಕ್ತಿ ಯೋಜನೆ ಬಂದದ್ದು 2023ರ ಜೂನ್ 11ಕ್ಕೆ. ಬೆಂಗಳೂರು ಸಿಟಿ ಬಸ್ಸು ಬಿಟ್ಟು ಉಳಿದ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಅರ್ಧ ಸೀಟು ಗಂಡಸರಿಗೆ ಅಂತ ಅದರಲ್ಲೇ ಇತ್ತು. ಅದಕ್ಕೂ ಮೊದಲು ಟವೆಲ್ ಹಾಕುತ್ತಿದ್ದವರು ಯಾರು, ಯಾರಿಗೆ ಸೀಟು ಸಿಗದೆ ಇರಲಿ ಅಂತ ಹಾಕುತ್ತಿದ್ದರು ಅನ್ನುವುದನ್ನೂ ಸ್ವಲ್ಪ ನೆನಪು ಮಾಡಿಕೊಳ್ಳಿ ಸರ್.

ಚರ್ಚೆಯ ನಿರ್ವಾಹಕರು (ಅಡ್ಮಿನ್)

ಇಬ್ಬರೂ ಇಲ್ಲಿಗೇ ನಿಲ್ಲಿಸಿ. ರಾಜಕೀಯಕ್ಕೆ ಬೇರೆ ಎಳೆ ಇದೆ.

ಹುಬ್ಬಳ್ಳಿ ಮಂದಿ

ರಾಜಕೀಯದಾಗೂ ಟವೆಲ್ ಐತಲ್ರಿ. ಎಲೆಕ್ಷನ್ ಬಂದ್ರ ಪೇಪರ್‌ನಾಗ ದಿನಾ ಅದೇ ಹೆಡ್‌ಲೈನು. ಇಂಥವರು ಟಿಕೆಟ್‌ಗೆ ಟವೆಲ್ ಹಾಕ್ಯಾರ, ಅಂಥವರು ಮಂತ್ರಿಗಿರಿಗೆ ಟವೆಲ್ ಹಾಕ್ಯಾರ. ಅಲ್ಲಿ ಪಕ್ಕದ ಸೀಟಿನವ್ರು ಕಾಯೂದಿಲ್ಲ, ಅಷ್ಟ ಫರಕು.

ಕೋಲಾರದ ಕೊಡ

ನೀವೆಲ್ಲ ಸೀಟಿನ ಬಗ್ಗೆ ಬರೆಯುತ್ತಿದ್ದೀರಿ. ನಾವು ಚಿಕ್ಕವರಿದ್ದಾಗ ನಲ್ಲಿ ಮುಂದೆ ಕೊಡಗಳ ಸಾಲು ಇರುತ್ತಿತ್ತು. ನೀರು ಯಾವಾಗ ಬರುತ್ತದೋ ಗೊತ್ತಿಲ್ಲ, ರಾತ್ರಿಯೇ ಇಡಬೇಕು. ಆ ಸಾಲಿನಷ್ಟು ಶಿಸ್ತಿನ ಸಾಲನ್ನು ನಾನು ಆಮೇಲೆ ಎಲ್ಲೂ ನೋಡಿಲ್ಲ. ಕೊಡಗಳು ಒಂದನ್ನೊಂದು ತಳ್ಳುವುದಿಲ್ಲ, "ನಾನು ಆಗಲೇ ಬಂದಿದ್ದೆ, ಕೇಳಿ ಬೇಕಾದರೆ" ಅನ್ನುವುದಿಲ್ಲ.

ನಮ್ಮಮ್ಮನ ಹತ್ತಿರ ಒಂದು ಹಳೆ ಸಿಲ್ವರ್ ಕೊಡ ಇತ್ತು. ತಳ ತೂತಾಗಿತ್ತು, ಒಂದು ಲೋಟ ನೀರೂ ನಿಲ್ಲುತ್ತಿರಲಿಲ್ಲ. ಗುಜರಿಗೆ ಹಾಕು ಅಂದರೆ ಒಪ್ಪುತ್ತಿರಲಿಲ್ಲ. ಅದು ಸಾಲಿಗೆ ಇಡುವ ಕೊಡ. ಸರದಿ ಬಂದಾಗ ಅದನ್ನು ಎತ್ತಿ ಒಳ್ಳೆ ಕೊಡ ಇಡುವುದು. ಬೀದಿಯಲ್ಲಿ ಎಲ್ಲರ ಮನೆಯಲ್ಲೂ ಇಂಥದ್ದೊಂದು ಇತ್ತು. ಒಂದೊಂದು ಸಲ ಬೆಳಗ್ಗೆ ನೋಡಿದರೆ ಸಾಲಿನಲ್ಲಿ ಇರುವುದೆಲ್ಲ ತೂತು ಕೊಡಗಳೇ. ಜಗಳ ಆಗುತ್ತಿದ್ದುದು ಯಾರು ಮೊದಲು ಅಂತ ಅಲ್ಲ, ಒಂದು ಮನೆಗೆ ಎಷ್ಟು ಕೊಡ ಅಂತ. ಮೇಲೆ ಟವೆಲ್ ಉದ್ದಕ್ಕೆ ಹಾಸುವ ವಿಷಯ ಬಂತಲ್ಲ, ಅದೇ ಇದು.

ಛತ್ರದ ಊಟ

2020ರಲ್ಲಿ ರೇಷನ್ ಅಂಗಡಿ ಮುಂದೆ ಅಂತರಕ್ಕೆ ಅಂತ ಸುಣ್ಣದಲ್ಲಿ ವೃತ್ತ ಬರೆದಿದ್ದು ನೆನಪಿದೆಯಾ? ವೃತ್ತದಲ್ಲಿ ಚಪ್ಪಲಿ ಮತ್ತು ಚೀಲ ನಿಂತಿರುತ್ತಿದ್ದವು. ಜನ ಎಲ್ಲಾ ಮರದ ನೆರಳಲ್ಲಿ ಒಟ್ಟಿಗೆ ಕೂತು ಮಾತಾಡುತ್ತಿದ್ದರು.

ಮೂರ್ನಾಲ್ಕು ಪ್ರಶ್ನೆ

ಇಷ್ಟೆಲ್ಲ ಕಷ್ಟ ಯಾಕೆ? ಸೀಟು ಬೇಕಾದರೆ ಕೂತವರನ್ನು ಕೇಳಬಹುದಲ್ವಾ?

ಲೈಬ್ರರಿ ಮೂಲೆ

ಕೇಳಿ ನೋಡಿದ್ದಾರೆ. 1970ರ ದಶಕದಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಂ ಅನ್ನುವ ಮನಶ್ಶಾಸ್ತ್ರಜ್ಞರು ತಮ್ಮ ವಿದ್ಯಾರ್ಥಿಗಳನ್ನು ನ್ಯೂಯಾರ್ಕಿನ ಸಬ್‌ವೇ ರೈಲಿಗೆ ಕಳಿಸಿದರು. ಕಾರಣ ಏನೂ ಹೇಳದೆ "ನಿಮ್ಮ ಸೀಟು ನನಗೆ ಕೊಡ್ತೀರಾ?" ಅಂತ ಕೇಳಬೇಕು. ನೂರಕ್ಕೆ 68 ಜನ ಎದ್ದು ಕೊಟ್ಟರು ಇಲ್ಲವೇ ಸರಿದು ಜಾಗ ಮಾಡಿದರು. "ನಿಂತುಕೊಂಡು ಪುಸ್ತಕ ಓದಲು ಆಗುವುದಿಲ್ಲ" ಅಂತ ಕಾರಣ ಹೇಳಿ ಕೇಳಿದಾಗ 42ಕ್ಕೆ ಇಳಿಯಿತು. ಕಾರಣ ಹೇಳದಿದ್ದರೆ ಎದುರಿನವರು ಏನೋ ಕಷ್ಟ ಇರಬೇಕು ಅಂದುಕೊಳ್ಳುತ್ತಾರೆ. ಹೇಳಿದ ಮೇಲೆ ಅದು ಎಷ್ಟು ಪೊಳ್ಳು ಅಂತ ಗೊತ್ತಾಗುತ್ತದೆ. ಇನ್ನೊಂದು ವಿಷಯ, ಕೇಳಲು ಹೋದ ಮಿಲ್‌ಗ್ರಾಂ ಅವರಿಗೇ ಮಾತು ಗಂಟಲಲ್ಲಿ ಸಿಕ್ಕಿಕೊಂಡಿತ್ತಂತೆ.

ರಿಟೈರ್ಡ್ ಕಂಡಕ್ಟರ್

ನಮ್ಮ ಜನ ಇದನ್ನು ಯಾವ ಪರೀಕ್ಷೆಯೂ ಇಲ್ಲದೆ ಕಂಡುಹಿಡಿದಿದ್ದಾರೆ. "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ." ಇದರಲ್ಲಿ ಕಾರಣ ಎಲ್ಲಿದೆ ಹೇಳಿ? ಒಂದೂ ಇಲ್ಲ. ಆದರೆ ಮೂರು ಜನರ ಸೀಟಿನಲ್ಲಿ ನಾಲ್ಕನೆಯವರು ಕೂತಾಗಿರುತ್ತದೆ. ಒಂದು ಕಾಲು ಪ್ಯಾಸೇಜಿನಲ್ಲಿ ಇಟ್ಟು ಕೂತವರು ತುಮಕೂರು ಬರುವ ಹೊತ್ತಿಗೆ ಸರಿಯಾಗಿ ಒರಗಿ ಕೂತಿರುತ್ತಾರೆ, ಕಿಟಕಿ ಪಕ್ಕದವರು ಅಂಟಿಕೊಂಡಿರುತ್ತಾರೆ.

ಜಯನಗರ ನಾಲ್ಕನೇ ಬ್ಲಾಕ್

ಕುರ್ಚಿಯೇ ಇಲ್ಲದಿದ್ದರೆ ಈ ತಾಪತ್ರಯವೇ ಇಲ್ಲ ಅಂತ ಅಂದುಕೊಳ್ಳಬೇಡಿ. ನಿಂತು ತಿನ್ನುವ ದರ್ಶಿನಿ ಹೋಟೆಲ್ 1983ರಲ್ಲಿ ಶುರುವಾದದ್ದು ನಮ್ಮ ಜಯನಗರದಲ್ಲೇ. ಈಗ ಅಲ್ಲಿ ನಿಲ್ಲುವ ಟೇಬಲ್ ಮೇಲೆ ಹೆಲ್ಮೆಟ್ ಇಟ್ಟು ಟೋಕನ್ ತರಲು ಹೋಗುತ್ತಾರೆ. ತಲೆಗೆ ಹಾಕದಿದ್ದ ಹೆಲ್ಮೆಟ್ ಬೈಟು ಕಾಫಿಗಾದರೂ ಕೆಲಸಕ್ಕೆ ಬಂತಲ್ಲ.

ಕಿಟಕಿ ಪಕ್ಕ

ಎಲ್ಲ ಓದಿದೆ. ನನಗೆ ಅನ್ನಿಸುವುದು, ನಾವು ಟವೆಲ್‌ಗೆ ಮರ್ಯಾದೆ ಕೊಡುವುದು ಅದರ ಮಾಲೀಕನ ಮೇಲಿನ ಪ್ರೀತಿಯಿಂದ ಅಲ್ಲ. ನಾಳೆ ನನ್ನ ಟವೆಲ್ಲೂ ಯಾವುದೋ ಸೀಟಿನಲ್ಲಿ ಒಂಟಿಯಾಗಿ ಬಿದ್ದಿರುತ್ತದೆ, ಆಗ ಅದನ್ನು ಕಾಯಲು ಗುರುತಿಲ್ಲದ ಒಬ್ಬ ಬೇಕು. ಸಿಗ್ನಲ್ ದಾಟುವಾಗ ಈ ಲೆಕ್ಕ ಬರುವುದಿಲ್ಲ. ಆದರೆ ಈಗ ಬರುತ್ತಿರುವ ಎಸಿ ಬಸ್ಸುಗಳ ಕಿಟಕಿ ತೆರೆಯುವುದೇ ಇಲ್ಲ. ಮೆಟ್ರೋ ನಿಲ್ಲುವುದು ಅರ್ಧ ನಿಮಿಷ. ಟವೆಲ್ ಎಸೆಯುವುದು ಎಲ್ಲಿಂದ?

ಹುಬ್ಬಳ್ಳಿ ಮಂದಿ

ಎಸೆಯೂದಲ್ಲ, ಈಗ ಮೊದಲು ಹತ್ತಿದ ಹುಡುಗ ಐದು ಸೀಟಿನ ಮ್ಯಾಲೆ ಅಡ್ಡ ಮಲಗ್ತಾನ.

ರಾತ್ರಿ ಬಸ್ಸು

ಅರ್ಜೆಂಟ್. ಈಗ ಬಸ್ ಸ್ಟ್ಯಾಂಡಿನಲ್ಲೇ ಇದ್ದೇನೆ. ಸೀಟಿಗೆ ಟವೆಲ್ ಹಾಕಿ ಬಾಳೆಹಣ್ಣು ತರಲು ಹೋಗಿದ್ದೆ. ವಾಪಸ್ ಬಂದು ನೋಡಿದರೆ ನನ್ನ ಟವೆಲ್ ಮೇಲೆ ಯಾರೋ ಇನ್ನೊಂದು ಟವೆಲ್ ಹಾಕಿದ್ದಾರೆ. ಆಸಾಮಿ ಕಾಣುತ್ತಿಲ್ಲ. ಈಗ ಏನು ಮಾಡಲಿ?

ವಕೀಲಮ್ಮ

ಮೊದಲು ಬಂದದ್ದು ನಿಮ್ಮದು. ಕೆಳಗಿನ ಟವೆಲ್ಲೇ ಸಾಕ್ಷಿ. ಪಕ್ಕದಲ್ಲಿ ಯಾರಿದ್ದಾರೆ?

ರಾತ್ರಿ ಬಸ್ಸು

ಒಬ್ಬರು ಅಜ್ಜ ಇದ್ದಾರೆ ಮೇಡಂ. ಕೇಳಿದರೆ "ಯಾರೋ ಹಾಕಿದಾರಪ್ಪ, ಬರ್ತಾರೆ" ಅಂತ ನನ್ನನ್ನೇ ತಡೆಯುತ್ತಿದ್ದಾರೆ.

ರಿಟೈರ್ಡ್ ಕಂಡಕ್ಟರ್

ಇಂಜಿನ್ ಶುರುವಾಯಿತಾ?

ರಾತ್ರಿ ಬಸ್ಸು

ಈಗ ಆಯಿತು ಸರ್.

ರಿಟೈರ್ಡ್ ಕಂಡಕ್ಟರ್

ಹಾಗಾದರೆ ಎರಡೂ ಟವೆಲ್ ಮೇಲೆ ಕೂತುಬಿಡಿ. ಅಜ್ಜನಿಗೆ ಒಂದು ಬಾಳೆಹಣ್ಣು ಕೊಡಿ.